ಟೆರೇಸ್ ತೊಟ್ಟಿ, ಹೆಡ್‌ಮಿಸ್ ಮಂಡಿ

ಬಸವೇಶ್ವರನಗರದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟು ಹನ್ನೆರಡು ವರ್ಷವಾಯಿತು. ಇಲ್ಲಿ ಯಾವುದೂ ನಾನು ಹೇಳಿದ ಹಾಗೆ ನಡೆದದ್ದಿಲ್ಲ. ಗಂಡನ ಸೊಂಟಕ್ಕೆ ಹೇಳಿಕೊಟ್ಟ ವ್ಯಾಯಾಮವನ್ನು ಹೆಂಡತಿ ತಿಂಗಳಿಡೀ ಮಾಡಿ, ಇವರಿಗೆ ಯಾಕೆ ಇನ್ನೂ ವಾಸಿಯಾಗಿಲ್ಲ ಎಂದು ನನ್ನ ಮೇಲೆ ಜಗಳಕ್ಕೆ ಬಂದದ್ದುಂಟು. ವಾರಕ್ಕೊಂದು ಇಂಥದ್ದು ಆಗದಿದ್ದರೆ ನನಗೇ ಬೇಜಾರು. ಆದರೆ ಈ ವರ್ಷ ಶಿವರಾತ್ರಿಗೂ ಯುಗಾದಿಗೂ ನಡುವೆ ಆದದ್ದನ್ನು ನೆನೆಸಿಕೊಂಡರೆ ಈಗಲೂ ಒಬ್ಬಳೇ ನಗುತ್ತೇನೆ.

ನನ್ನ ಕ್ಲಿನಿಕ್ ಇರುವುದು ನೆಲಮಹಡಿಯಲ್ಲಿ. ಮೇಲೆ ಮನೆ ಓನರ್, ಅದರ ಮೇಲೆ ಬಾಡಿಗೆಯವರು, ಅದಕ್ಕೂ ಮೇಲೆ ಟೆರೇಸ್, ಅಲ್ಲಿಯವರೆಗೂ ಲಿಫ್ಟ್ ಇದೆ. ಅಲ್ಲಿ ಕಬ್ಬಿಣದ ಪೈಪು ಜೋಡಿಸಿ, ಪ್ಲಾಸ್ಟಿಕ್ ಶೀಟು ತೂಗಿಹಾಕಿ ನಿಲ್ಲಿಸುವ ಒಂದು ಈಜುಕೊಳ ಇಟ್ಟಿದ್ದೇನೆ. ಈಜುವುದಕ್ಕಲ್ಲ, ಮಂಡಿ ನೋವಿನವರು ಸೊಂಟದ ಮಟ್ಟದ ನೀರಿನಲ್ಲಿ ನಡೆಯುವುದಕ್ಕೆ. ನಮ್ಮ ಆಂಟಿಯರು ಅದನ್ನು ತೊಟ್ಟಿ ಎಂದೇ ಕರೆಯುತ್ತಾರೆ. ಓನರ್ ಅಂಕಲ್ ರಿಟೈರಾದ ಎಂಜಿನಿಯರ್. ಭಾರ ತಡೆಯುತ್ತಾ ಎಂದು ಕೇಳಿದ್ದಕ್ಕೆ, ಈ ಟೆರೇಸ್ ಮೇಲೆ ಆನೆ ಕಟ್ಟಿದರೂ ನನಗೆ ನಿದ್ದೆ ಬರುತ್ತೆ ಎಂದಿದ್ದರು.

ಇಲಿ ಹಾಕಿದ ರಂಗೋಲಿ

ಚಳಿ ಶುರುವಾದರೆ ಯಾರೂ ನೀರಿಗೆ ಇಳಿಯುವುದಿಲ್ಲ. ಹಾಗಾಗಿ ಕಾರ್ತಿಕದಲ್ಲಿ ತೊಟ್ಟಿ ಬಿಚ್ಚಿ, ಶೀಟು ಮಡಿಸಿ ಟೆರೇಸಿನ ಸಣ್ಣ ರೂಮಿನಲ್ಲಿ ಇಡುತ್ತೇನೆ. ಚಳಿ ಶಿವಶಿವಾ ಎಂದು ಹೊರಟ ಮೇಲೆ ಮತ್ತೆ ಕಟ್ಟುತ್ತೇನೆ.

ಈ ಸಲ ಮೊದಲು ಬರಬೇಕಾಗಿದ್ದವರು ಒಬ್ಬರು ರಿಟೈರಾದ ಹೆಡ್‌ಮಿಸ್. ವಯಸ್ಸು ಅರವತ್ತೆಂಟು. ಅವರ ಮಂಡಿ ನೋಡುವ ಸರ್ಜನ್ ಖಡಾಖಂಡಿತವಾಗಿ ಹೇಳಿದ್ದರು: ಯುಗಾದಿ ಕಳೆದ ಮೇಲೆ ಬನ್ನಿ, ಏನೂ ಹಿಡಿಯದೆ ಒಂದು ಮಹಡಿ ಹತ್ತಿ ತೋರಿಸಿದರೆ ಆಪರೇಷನ್ ಮುಂದಕ್ಕೆ ಹಾಕೋಣ, ಇಲ್ಲದಿದ್ದರೆ ತಾರೀಖು ಕೊಡುತ್ತೇನೆ. ಐದು ವಾರ ನೀರಿನಲ್ಲಿ ನಡೆಸಿ ಹತ್ತಿಸುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ.

ಅವರ ಎದುರಿಗೇ ಶೀಟು ಬಿಚ್ಚಿದೆ. ಚಳಿಗಾಲದಲ್ಲಿ ಓನರ್ ಆಂಟಿ ಒಂದು ಚೀಲ ಕಡಲೆಕಾಯಿಯನ್ನು ಬೆಚ್ಚಗಿರಲಿ ಎಂದು ಅದರ ಮಡಿಕೆಯೊಳಗೆ ಇಟ್ಟಿದ್ದರಂತೆ. ಕಡಲೆಕಾಯಿ ಇರಲಿಲ್ಲ. ಇಲಿ ಕೊರೆದದ್ದು ಒಂದೇ ತೂತು, ಆದರೆ ಅದು ಎಲ್ಲ ಮಡಿಕೆ ದಾಟಿಕೊಂಡು ಹೋಗಿತ್ತು. ಬಿಚ್ಚಿ ಹಾಸಿದರೆ ಸಾಲಾಗಿ, ಅಂತರ ತಪ್ಪದೆ ಹದಿನಾರು ತೂತು. ಇಲಿಗೆ ಚೆಲ್ಲಾಟ, ನನಗೆ ಪ್ರಾಣಸಂಕಟ. ಹೆಡ್‌ಮಿಸ್ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಎಣಿಸಿದರು.

"ಮೂವತ್ತು ವರ್ಷ ಡ್ರಾಯಿಂಗ್ ಪೀರಿಯಡ್ ನೋಡಿದೀನಿ ಕಣಮ್ಮ. ಇಷ್ಟು ಸಮನಾಗಿ ಒಬ್ರೂ ಚುಕ್ಕಿ ಇಟ್ಟಿರ್ಲಿಲ್ಲ."

ತೊಟ್ಟಿಗೊಂದು ತೊಟ್ಟಿ

ನಮ್ಮ ರಸ್ತೆ ತಿರುವಿನ ಪಂಕ್ಚರ್ ಅಂಗಡಿಯವರು ಬಂದರು. ಶೀಟು ಉಜ್ಜಿ, ಸಲ್ಯೂಷನ್ ಹಚ್ಚಿ, ಹದಿನಾರು ಪ್ಯಾಚು ಹಾಕಿದರು. ಕೆಲಸ ಚೊಕ್ಕವಾಗಿತ್ತು. ಎದ್ದು ನಿಂತು ಟೆರೇಸ್ ಸುತ್ತ ಏನನ್ನೋ ಹುಡುಕಿದರು. ಏನು ಬೇಕು ಎಂದು ಕೇಳಿದೆ.

ಕಣ್ಣಿಗೆ ಕಾಣದ ತೂತು ಇನ್ನೂ ಇರಬಹುದು, ಅದನ್ನು ಹಿಡಿಯಬೇಕಾದರೆ ನೀರಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತೆ ಅಂತ ನೋಡಬೇಕು, ಇದನ್ನು ಮುಳುಗಿಸುವಷ್ಟು ದೊಡ್ಡ ಟಬ್ಬು ಬೇಕು ಎಂದರು. ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ, ಅವರ ವಿದ್ಯೆಯಲ್ಲಿ ಅದಕ್ಕೆ ಬೇರೆ ದಾರಿಯೇ ಇರಲಿಲ್ಲ.

"ಅಷ್ಟು ದೊಡ್ಡ ಟಬ್ ಇದ್ದಿದ್ರೆ," ಎಂದರು ಹೆಡ್‌ಮಿಸ್, "ನಾನು ಅದರಲ್ಲೇ ನಡ್ಕೋತಾ ಇದ್ದೆನಲ್ಲಪ್ಪ."

ನೀರು ಹೋದ ದಾರಿ

ಟಬ್ಬಿಲ್ಲದೆಯೇ ಧೈರ್ಯ ಮಾಡಿ ಸಂಜೆ ನೀರು ತುಂಬಿಸಿದೆ. ಬೆಳಿಗ್ಗೆ ನೋಡಿದರೆ ಹದಿನಾರು ಪ್ಯಾಚೂ ಗಟ್ಟಿಯಾಗಿವೆ, ನೀರು ಮಾತ್ರ ಇಲ್ಲ. ತಳದ ಅಂಚಿನಲ್ಲಿ ಶೀಟು ಬಿರುಕು ಬಿಟ್ಟಿತ್ತು. ಇಲಿಯ ಕಾಟ ಮುಗಿಯಿತು ಎಂದುಕೊಂಡರೆ, ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ. ನೀರೆಲ್ಲ ಲಿಫ್ಟಿನ ಗುಂಡಿಗೆ ಇಳಿದು, ಅದರ ಮೆಷಿನ್ನಿಗೂ ನುಗ್ಗಿ, ಲಿಫ್ಟು ಎರಡನೇ ಮಹಡಿಯಲ್ಲಿ ಬಾಯಿ ಬಿಟ್ಟುಕೊಂಡು ನಿಂತಿತ್ತು. ಕಂಟ್ರೋಲ್ ಬೋರ್ಡು ಸುಟ್ಟಿದೆ, ಹೊಸದು ಬರಲು ಒಂದು ತಿಂಗಳಾಗುತ್ತದೆ ಎಂದು ಮೆಕ್ಯಾನಿಕ್ ಹೇಳಿಹೋದ. ಓನರ್ ಅಂಕಲ್ ಬಂದು ಟೆರೇಸನ್ನು ತಟ್ಟಿ ನೋಡಿ, ನನ್ನ ಟೆರೇಸಿಗೆ ಏನೂ ಆಗಿಲ್ಲ ಎಂದು ಸಂತೋಷಪಟ್ಟರು.

ಹೆಡ್‌ಮಿಸ್‌ಗೆ ಫೋನ್ ಮಾಡಿ, ಲಿಫ್ಟಿಲ್ಲ, ರಿಪೇರಿ ಮುಗಿದ ಮೇಲೆ ಹೇಳುತ್ತೇನೆ, ಅಲ್ಲಿಯವರೆಗೆ ಮನೆಯಲ್ಲೇ ಇರಿ ಎಂದೆ. ಹತ್ತು ಗಂಟೆಗೆ ನೋಡಿದರೆ ಮೆಟ್ಟಿಲ ಮೇಲೆ ಇದ್ದಾರೆ. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂದು ನಾನೇ ಹೇಳಿಕೊಟ್ಟಿದ್ದೆ. ಹಾಗೇ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಮೊದಲ ಮಹಡಿಯಲ್ಲಿ ಓನರ್ ಆಂಟಿ ಗಾಬರಿಯಿಂದ ಕುರ್ಚಿ ತಂದು ಹಾಕಿದರು. ಎರಡನೇ ಮಹಡಿಯಲ್ಲಿ ಇನ್ನೊಂದು ಕುರ್ಚಿ. ಮೇಲೆ ತಲುಪಲು ಅರ್ಧ ಗಂಟೆ ಹಿಡಿಯಿತು. ನಾನು ಬೈದೆ.

"ನನ್ ಮಂಡಿ ಕಣಮ್ಮ ಇದು. ಆಪರೇಷನ್ ಅಂದ್ರೆ ನಂಗೆ ಭಯ, ನಿಜವಾಗ್ಲೂ ಭಯ," ಎಂದರು. ಅಷ್ಟು ಜೋರಿನ ಹೆಂಗಸು ಹಾಗೆ ಸಣ್ಣ ದನಿಯಲ್ಲಿ ಹೇಳಿದ್ದು ಕೇಳಿ ಬೈಯುವುದನ್ನು ನಿಲ್ಲಿಸಿದೆ. ಸಮಾಧಾನ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ದನಿ ವಾಪಸ್ಸು ಬಂತು. "ಅದಕ್ಕೇ ಬಂದೆ. ಮೇಲೆ ಒಬ್ರು ನಿಂತು ನೋಡ್ದೆ ಇದ್ರೆ ನಿಮ್ಮಗಳ ಕೈಲಿ ಯಾವ ಕೆಲಸಾನೂ ಆಗಲ್ಲ."

ಅಂದಿನಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಇನ್‌ಸ್ಪೆಕ್ಷನ್.

ಎಷ್ಟು ಇಂಚು ಹಿಮ?

ತೊಟ್ಟಿ ಮಾಡಿದ ವಿದೇಶಿ ಕಂಪನಿಯ ವಾರಂಟಿ ಕಾಗದದಲ್ಲಿ ಚಳಿಗಾಲದ ಹಾನಿಗೆ ಶೀಟು ಬದಲಾಯಿಸಿ ಕೊಡುತ್ತೇವೆ ಎಂದು ಸ್ಪಷ್ಟವಾಗಿ ಬರೆದಿತ್ತು. ಟೆರೇಸಿನಿಂದಲೇ ಕಂಪನಿಗೆ ಫೋನ್ ಮಾಡಿದೆ. ಆ ಕಡೆ ಒಂದು ಹುಡುಗಿ, ಬಹಳ ವಿನಯ, ಕನ್ನಡದವಳೇ. ಹಿಮ ಎಷ್ಟು ಇಂಚು ಬಿದ್ದಿತ್ತು ಎಂದು ಕೇಳಿದಳು. ಬೆಂಗಳೂರಮ್ಮ ಇದು ಎಂದೆ. ಗೊತ್ತು, ಆದರೆ ಫಾರಂನಲ್ಲಿ ಸೊನ್ನೆ ಹಾಕಿದರೆ ಮುಂದಿನ ಪುಟಕ್ಕೆ ಹೋಗುವುದಿಲ್ಲ ಎಂದಳು.

ಹೆಡ್‌ಮಿಸ್ ಕೈ ಚಾಚಿ ಫೋನ್ ಇಸಕೊಂಡು, ನಿಮ್ಮೂರು ಯಾವುದು ಎಂದು ವಿಚಾರಿಸಿದರು. ದಾವಣಗೆರೆ ಎಂದಳು. ದಾವಣಗೆರೆಯಲ್ಲಿ ಎಷ್ಟು ಇಂಚು ಬಿತ್ತು ಎಂದು ಕೇಳಿದರು. ಹುಡುಗಿ ಹೋಂವರ್ಕ್ ಮಾಡದೆ ಸಿಕ್ಕಿಬಿದ್ದವಳ ಹಾಗೆ, ಇಲ್ಲೂ ಬಿದ್ದಿಲ್ಲ ಮೇಡಂ ಎಂದಳು. ಇಲಿ ಕಡಿದದ್ದನ್ನೂ ತಳ ಬಿರುಕು ಬಿಟ್ಟದ್ದನ್ನೂ ಫೋಟೋ ತೆಗೆದು ಕಳಿಸಿದೆವು.

ಮೂರು ದಿನದ ಮೇಲೆ ಮೆಸೇಜು ಬಂತು. ದೂರು ಮುಕ್ತಾಯವಾಗಿದೆ. ಕಾರಣ: ಗ್ರಾಹಕರು ಹಿಮ ಒದಗಿಸಿಲ್ಲ.

ಹಿಂದಿನ ಕಿಟಕಿ

ಹೊಸ ಶೀಟೇ ಮಾಡಿಸಬೇಕಾಯಿತು. ವಿಜಯನಗರದಲ್ಲಿ ಆಟೋಗಳಿಗೆ ಹುಡ್ಡು ಹೊಲಿಯುವ ಒಬ್ಬರಿದ್ದಾರೆ. ದಪ್ಪ ಟಾರ್ಪಾಲನ್ನು ಮೆಷಿನ್ನಿನ ಬಿಸಿಗೆ ಅಂಟಿಸಿ ಒಂದು ಹನಿ ಸೋರದ ಹಾಗೆ ಮಾಡಿಕೊಡುತ್ತೇನೆ ಎಂದರು. ಬಂದು ಅಳತೆ ತೆಗೆದುಕೊಂಡು ಹೋದರು. ಆಮೇಲೆ ನಾಳೆ, ನಾಳಿದ್ದು, ಮುಂದಿನ ಸೋಮವಾರ. ಹೆಡ್‌ಮಿಸ್ ಮಾತ್ರ ದಿನಾ ಎರಡು ಹೊತ್ತು ಮೇಲೆ ಬಂದು ಖಾಲಿ ಪೈಪುಗಳನ್ನು ನೋಡಿ, ಇನ್ನೂ ಬಂದಿಲ್ವಾ ಎಂದು ಕೇಳಿ ಇಳಿಯುತ್ತಿದ್ದರು. ಯಾರೂ ಕೂರುತ್ತಿಲ್ಲ ಎಂದು ಓನರ್ ಆಂಟಿ ಕುರ್ಚಿಗಳನ್ನು ಒಳಗೆ ತೆಗೆದಿಟ್ಟರು. ನನಗೆ ದಿನ ಎಣಿಸುವ ಚಿಂತೆಯಲ್ಲಿ ಬೇರೇನೂ ಕಾಣಲಿಲ್ಲ.

ಯುಗಾದಿ ಕಳೆದ ಮೂರನೇ ದಿನ ಶೀಟು ಬಂತು. ಕಟ್ಟಿ, ನೀರು ತುಂಬಿಸಿದೆವು. ಹೇಳಿದ ಹಾಗೆ ಒಂದು ಹನಿ ಸೋರಲಿಲ್ಲ. ಆದರೆ ಒಂದು ಬದಿಯಲ್ಲಿ ಅಗಲವಾಗಿ, ಅಚ್ಚುಕಟ್ಟಾಗಿ, ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ ಇತ್ತು. ಆಟೋ ಹುಡ್ಡಿನ ಹಿಂದೆ ಇರುತ್ತದಲ್ಲ, ಅದೇ. ತೂತು ತಪ್ಪಿಸಲು ಕೊಟ್ಟರೆ ಕಿಟಕಿ ಇಟ್ಟು ಕಳಿಸಿದ್ದರು. ಅದೂ ಎದುರುಮನೆಯ ಟೆರೇಸಿಗೆ ಮುಖ ಮಾಡಿಕೊಂಡು.

ಹುಡ್ಡು ಹೊಲಿಯುವವರನ್ನು ಇದೇನಣ್ಣ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಅಲ್ಲ ಮೇಡಂ, ಹಿಂದ್ಗಡೆಯಿಂದ ಯಾರ್ ಬರ್ತಾರೆ ಅಂತ ಒಳಗಿರೋರ್ಗೆ ಕಾಣ್ಬೇಡ್ವಾ?"

ಮೊದಲ ಮಹಡಿಯಲ್ಲಿ ನಿಲ್ಲದವರು

ನೀರು ತುಂಬಿದ ಮರುದಿನವೇ ಸರ್ಜನ್ ಹತ್ತಿರ ಹೋಗಬೇಕಾಗಿತ್ತು. ಐದು ವಾರ ನಡೆಸುತ್ತೇನೆ ಎಂದವಳು ಒಂದು ದಿನವೂ ನಡೆಸಿರಲಿಲ್ಲ. ರಾತ್ರಿ ನನಗೆ ಊಟ ಸೇರಲಿಲ್ಲ. ಕೈಮುಗಿದು ಇನ್ನೊಂದು ತಿಂಗಳು ಕೇಳೋಣ ಎಂದು ಅವರ ಜೊತೆ ನಾನೂ ಹೋದೆ.

ನಾನು ಬಾಯಿ ತೆರೆಯುವ ಮೊದಲೇ ಸರ್ಜನ್ ಎದ್ದು, ಬನ್ನಿ ಮೆಟ್ಟಿಲಿಗೆ ಹೋಗೋಣ ಎಂದರು. ಹೆಡ್‌ಮಿಸ್ ಒಂದು ಕೈಯಲ್ಲಿ ಎಕ್ಸ್‌ರೇ ಫೈಲು, ಇನ್ನೊಂದು ಕೈಯಲ್ಲಿ ಸೀರೆ ನೆರಿಗೆ ಹಿಡಿದು ಹತ್ತತೊಡಗಿದರು. ಕಂಬಿ ಹಿಡಿಯಲು ಕೈಯೇ ಇರಲಿಲ್ಲ. ಮೊದಲ ಮಹಡಿ ಬಂತು, ನಿಲ್ಲಲಿಲ್ಲ. ಸಾಕು ಮೇಡಂ ಎಂದು ಸರ್ಜನ್ ಕೂಗಿದ್ದು ಅವರಿಗೆ ಕೇಳಲಿಲ್ಲ. ಎರಡನೆಯದೂ ಬಂತು, ನಿಲ್ಲಲಿಲ್ಲ. ಮೂರನೇ ಮಹಡಿಯಲ್ಲಿ ನಿಂತು, ಅಭ್ಯಾಸಬಲದಿಂದ ಸುತ್ತ ಇನ್‌ಸ್ಪೆಕ್ಷನ್ ಮಾಡಿದರು. ನಾನು ಒಂದು ಮಹಡಿ ಕೆಳಗೆ, ಸರ್ಜನ್ ನನಗಿಂತ ಕೆಳಗೆ ಏದುಸಿರು ಬಿಡುತ್ತಾ ಕಂಬಿ ಹಿಡಿದು ಬರುತ್ತಿದ್ದರು. ತಿಂಗಳಿಡೀ ದಿನಕ್ಕೆ ಎರಡು ಸಲ ಅವರು ಹತ್ತಿದ ಮೆಟ್ಟಿಲುಗಳು ನನ್ನ ಮಂದಬುದ್ಧಿಗೆ ಹೊಳೆದದ್ದು ಆಗಲೇ. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಆಪರೇಷನ್ ಸದ್ಯಕ್ಕೆ ಬೇಡ ಎಂದರು ಸರ್ಜನ್. ಉಸಿರು ಸರಿಹೋದ ಮೇಲೆ, ಯಾವ ಟ್ರೀಟ್‌ಮೆಂಟ್ ಮಾಡಿದಿರಿ ಎಂದು ನನ್ನನ್ನು ಕೇಳಿದರು. ಉತ್ತರ ಹೆಡ್‌ಮಿಸ್ ಕೊಟ್ಟರು. ಹೊರಗೆ ಕಾಯುತ್ತಿದ್ದ ಎಲ್ಲ ಮಂಡಿಗಳಿಗೂ ಕೇಳುವ ಹಾಗೆ, ಪ್ರಾರ್ಥನೆ ಸಮಯದ ದನಿಯಲ್ಲಿ ಕೊಟ್ಟರು.

"ನೀರಿಗೆ ಒಂದ್ ದಿನಾನೂ ಇಳಿದಿಲ್ಲ ಡಾಕ್ಟ್ರೇ. ಇವಳ ತೊಟ್ಟಿ ರಿಪೇರಿ ಮಾಡಿಸ್ದೆ, ಮಂಡಿ ತಾನಾಗೇ ಸರಿಹೋಯ್ತು."

ಮೊನ್ನೆ ಮಹಾಲಕ್ಷ್ಮಿ ಲೇಔಟಿನಿಂದ ಇಬ್ಬರು ಆಂಟಿಯರು ಎಕ್ಸ್‌ರೇ ಹಿಡಿದು ಬಂದಿದ್ದರು. ಬನ್ನಿ, ಮೇಲೆ ತೊಟ್ಟಿ ತುಂಬಿ ರೆಡಿ ಇದೆ ಎಂದು ಹೆಮ್ಮೆಯಿಂದ ಹೇಳಿದೆ. ಇಬ್ಬರ ಮುಖವೂ ಸಪ್ಪಗಾಯಿತು.

"ಅಯ್ಯೋ, ರಿಪೇರಿ ಮುಗಿದೇ ಹೋಯ್ತಾ ಮೇಡಂ? ನಮಗೆ ಮಾಡ್ಸೋಕೆ ಏನೂ ಉಳಿದಿಲ್ವಾ?"