ಅಕ್ಕನ ಫೋನು ಜಪ್ತಿ ಮಾಡಿದ್ದು

ಇನ್ನೊಬ್ಬರ ವಸ್ತುವನ್ನು ಅವರಿಗೆ ತಿಳಿಯದಂತೆ ತೆಗೆದುಕೊಂಡರೆ ಅದು ಕಳ್ಳತನ. ಅದನ್ನೇ ಎದುರಿಗೆ ನಿಂತು, ಕನ್ನಡಕ ಸರಿಮಾಡಿಕೊಂಡು, "ನಿನ್ನ ಒಳ್ಳೆಯದಕ್ಕೇ" ಎಂದು ಹೇಳಿ ತೆಗೆದುಕೊಂಡರೆ ಜಪ್ತಿ. ಈ ವ್ಯತ್ಯಾಸವನ್ನು ನನಗೆ ಕಲಿಸಿದವರು ಕಾನ್ವೆಂಟಿನ ಸಿಸ್ಟರ್ ಒಬ್ಬರು. ನನ್ನ ಯೂನಿಫಾರ್ಮ್ ಜೇಬಿನಿಂದ ಹುಣಸೆಹಣ್ಣಿನ ಚಿಗಳಿಯನ್ನು ಎರಡೇ ಬೆರಳಲ್ಲಿ ಎತ್ತಿ, "ಕಾನ್ಫಿಸ್ಕೇಟೆಡ್, ಚೈಲ್ಡ್" ಅಂದಿದ್ದರು. ಆ ಪದದ ಸ್ಪೆಲಿಂಗ್ ಬರುವ ಮೊದಲೇ ನನಗೆ ಅದರ ಸಂಕಟ ಗೊತ್ತಾಗಿತ್ತು. ಆದರೂ ಬುದ್ಧಿ ಬರಲಿಲ್ಲ ನೋಡಿ. ಎಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನು ನಮ್ಮಕ್ಕನ ಮೊಬೈಲ್ ಜಪ್ತಿ ಮಾಡಿದೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಸೊರಬದಲ್ಲಿ ನನ್ನ ಜೊತೆಗೇ ಇದ್ದಾಳೆ. ಅಪ್ಪ ಅವಳನ್ನು ಅಡುಗೆಮನೆಗೂ ನನ್ನನ್ನು ಕಾನ್ವೆಂಟಿಗೂ ಕಳಿಸಿದ್ದರಿಂದ, ಚಿಕ್ಕವಳಾದರೂ ಗವರ್ನಮೆಂಟ್ ನನ್ನದೇ. ಅವಳದೊಂದು ಬಟನ್ ಫೋನು. ಎರಡು ವರ್ಷದ ಹಿಂದೆ ಅದಕ್ಕೆ ಈಸೂರಿನಿಂದ ಒಂದು ರಾಂಗ್ ನಂಬರ್ ಬಂತು. ಯಾರೋ ಹೆಂಗಸು, ಶಿರಾಳಕೊಪ್ಪದ ಮಗಳಿಗೆ ಮಾಡಿದ್ದಂತೆ. ನಾನಾಗಿದ್ದರೆ "ಸಾರಿ" ಎಂದು ಇಟ್ಟುಬಿಡುತ್ತಿದ್ದೆ. ಅಕ್ಕ, "ಇರ್ಲಿ ಬಿಡಿ, ಊಟ ಆತಾ?" ಅಂದಳು. ಅಂದಿನಿಂದ ದಿನಾ ಸಂಜೆ ನಾಲ್ಕಕ್ಕೆ ಕರೆ.

"ಏನ್ ಅಡಿಗಿ ಮಾಡೀರಿ ಅಕ್ಕಾರ?" ಎಂದು ಆ ಕಡೆಯಿಂದ.

"ಕೆಸುವಿನ ಸೊಪ್ಪಿನ ಸಾರು ಕಣ್ರೀ. ನಮ್ಮ ತಂಗಿಗೆ ಮಾತ್ರ ಗಂಟಲು ಕೆರೀತದೆ. ಇಂಗ್ಲಿಷ್ ಗಂಟಲು!" ಎಂದು ಈ ಕಡೆಯಿಂದ. ಆಮೇಲೆ ಇಬ್ಬರದೂ ನಗು.

ಅಷ್ಟರಲ್ಲಿ ಪೇಪರಿನ ತುಂಬಾ ಫೋನ್ ಮೋಸದ ಸುದ್ದಿ. ಒಂದು ಸಂಜೆ ಅಕ್ಕ ನಮ್ಮ ಬೀರುವಿನ ಬೀಗ ಕೆಟ್ಟಿರುವುದನ್ನು ಈಸೂರಿಗೆ ವರದಿ ಮಾಡುತ್ತಿದ್ದಳು. ನಾನು ಫೋನು ಕಸಿದುಕೊಂಡು, ಸಿಮ್ ತೆಗೆದು, ಕತ್ತರಿಯಿಂದ ಕತ್ತರಿಸಿಯೇಬಿಟ್ಟೆ. "ಅವಳಿಗೊಂದು ಮಾತು ಹೇಳಿ ಇಡ್ತಿದ್ದೆ ಮಾರಾಯ್ತಿ" ಅಂದಳು, ಅಷ್ಟೇ.

ಆಮೇಲೆ ನಾಲ್ಕು ಗಂಟೆಯಾದರೆ ಮಡಚಿಟ್ಟ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚುವಳು. ವಾರದಲ್ಲೇ ನನ್ನ ಗವರ್ನಮೆಂಟ್ ಬಿದ್ದುಹೋಯಿತು. ಅದೇ ನಂಬರು ಬೇಕೆಂದು ಅಂಗಡಿಗೆ ಹೋದೆ. "ಮೇಡಂ, ಇದು ನಿಮ್ಮ ಭಾವನೋರ ಹೆಸರಲ್ಲಿದೆ. ಅವರೇ ಬಂದು ಹೆಬ್ಬೆಟ್ಟು ಒತ್ತಬೇಕು" ಎಂದರು. ಭಾವ ಹೋಗಿ ಒಂಬತ್ತು ವರ್ಷ. ಈಸೂರಿನವಳ ನಂಬರಾದರೋ ಅಕ್ಕ ಎಲ್ಲೂ ಬರೆದಿಟ್ಟಿರಲಿಲ್ಲ; ಬಂದ ಕರೆಗಳ ಪಟ್ಟಿಯೂ ಸಿಮ್ಮಿನ ಜೊತೆಗೇ ಫೋನಿನಿಂದ ಅಳಿಸಿಹೋಗಿತ್ತು. ಹೆಸರಾದರೂ ಹೇಳು, ಬಸ್ಸು ಹತ್ತಿ ಹೋಗಿ ಹುಡುಕುತ್ತೇನೆ ಎಂದರೆ, "ಹೆಸರು ಯಾಕೆ ಕೇಳ್ಬೇಕಿತ್ತು? ದಿನಾ ಅವಳೇ ಮಾಡ್ತಿದ್ಲಲ್ಲ" ಅಂದಳು. ಮಂಡಿನೋವಿರುವ, ಮಗಳನ್ನು ಶಿರಾಳಕೊಪ್ಪಕ್ಕೆ ಕೊಟ್ಟಿರುವ ಹೆಂಗಸು ಎಂದು ವಿಚಾರಿಸಿದರೆ ಅರ್ಧ ಈಸೂರೇ ಎದ್ದು ಬಂದೀತು.

ಕೊನೆಗೆ ನನ್ನ ಹೆಸರಲ್ಲಿ ಬೇರೆ ಸಿಮ್ ಹಾಕಿಸಿ, "ತಗೋ, ನಿನ್ನ ಫೋನು" ಎಂದು ಕೊಟ್ಟೆ. ಅಕ್ಕನ ಮುಖ ಅರಳಿತು. ನಂಬರು ಬದಲಾಗಿದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಈಗ ದಿನಾ ನಾಲ್ಕಕ್ಕೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ.

ನಿನ್ನೆ ನೋಡಲಾಗದೆ ಒಳಗಿನ ಕೋಣೆಯಿಂದ ನಾನೇ ರಿಂಗ್ ಮಾಡಿದೆ. "ಏನ್ ಅಡಿಗಿ ಮಾಡೀರಿ ಅಕ್ಕಾರ?" ಎಂದು ಆದಷ್ಟು ಈಸೂರಿನವಳಾಗಿಯೇ ಕೇಳಿದೆ.

"ನೀನೇನೇ? ಇಡು ಇಡು, ಬೇಗ ಇಡು. ಅವಳು ಮಾಡಿದ್ರೆ ಲೈನ್ ಸಿಗಲ್ಲ."

ಇಟ್ಟೆ. ಅಕ್ಕನ ಆ ಹೊಸ ನಂಬರು ಗೊತ್ತಿರುವವಳು ಈ ಜಗತ್ತಿನಲ್ಲಿ ನಾನೊಬ್ಬಳೇ.