ಗೊಂಬೆಗಳ ನಡುವೆ ಝೀರೋ ವಿಮಾನ

ಗೊತ್ತಿರುವುದನ್ನು ಹೇಳದೆ ಸುಮ್ಮನಿರುವುದು ದೊಡ್ಡ ವಿದ್ಯೆ. ಅದು ನನಗೆ ಒಲಿಯಲಿಲ್ಲ. ಮ್ಯಾಕ್ವೆರಿ ಪಾರ್ಕಿನ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಉಳಿದೆಲ್ಲ ಕುರ್ಚಿಗಳೂ ತುಂಬಿದ ಮೇಲೆಯೇ ನನ್ನ ಪಕ್ಕದ್ದು ತುಂಬುತ್ತದೆ. ಕಾರಣ, ನನ್ನ ಯುದ್ಧವಿಮಾನಗಳ ಹುಚ್ಚು. ಅದರಲ್ಲೂ ಎರಡನೆಯ ಮಹಾಯುದ್ಧದ ಜಪಾನೀ ಫೈಟರ್ ‘ಝೀರೋ’. ಮೆಲ್ಬರ್ನಿನಲ್ಲಿರುವ ಭಾವಮೈದ ಅದರ ಪ್ಲಾಸ್ಟಿಕ್ ಮಾದರಿಯ ಬಿಡಿಭಾಗಗಳನ್ನು ತಂದುಕೊಟ್ಟ. ಊಟದ ಮೇಜಿನ ಮೇಲೆ ಮೂರು ತಿಂಗಳು ಅಂಟಿಸಿದೆ. ಅಷ್ಟು ದಿನವೂ ಮನೆಮಂದಿ ಸೋಫಾದ ಮೇಲೆ ತಟ್ಟೆ ಹಿಡಿದು ಉಂಡರು.

ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ಆಯುಧಪೂಜೆಯ ದಿನ ಹೆಂಡತಿ ವಸುಧಾ ಕಾರು, ಲ್ಯಾಪ್‌ಟಾಪ್, ಮಿಕ್ಸಿಗೆಲ್ಲ ಕುಂಕುಮವಿಟ್ಟಳು. ನಾನು ಮೆಲ್ಲಗೆ ಝೀರೋವನ್ನು ತಂದು ಪಟ್ಟದ ಗೊಂಬೆಗಳ ಪಕ್ಕದಲ್ಲಿಟ್ಟೆ.

“ಗೊಂಬೆ ಜೊತೆ ಯುದ್ಧದ ವಿಮಾನ ಯಾಕ್ರೀ?” ಎಂದಳು.

“ಆಯುಧಪೂಜೆ ಅಂದ್ಮೇಲೆ ಒಂದಾದ್ರೂ ಆಯುಧ ಬೇಡ್ವಾ?” ಎಂದು ರೆಕ್ಕೆಗೆ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟೆ.

ಅಂದು ಸಂಜೆ ಪಕ್ಕದ ಮನೆಯ ಮಾರ್ಗರೆಟ್ ಆಂಟಿ ಪ್ರತಿವರ್ಷದಂತೆ ಗೊಂಬೆ ನೋಡಲು ಬಂದರು. ಎಂಬತ್ತು ದಾಟಿದವರು. ಕನ್ನಡಕ ಹಾಕಿಕೊಂಡು ನೋಡುತ್ತಾ ಬಂದವರು ವಿಮಾನದ ಮುಂದೆ ನಿಂತುಬಿಟ್ಟರು. ಕೇಳುವವರು ಸಿಕ್ಕರೆಂದು ನಾನು ಶುರುಮಾಡಿದೆ. ಆರಂಭದಲ್ಲಿ ಗಾಳಿಯಲ್ಲಿ ಇದರಷ್ಟು ಚುರುಕಾಗಿ ತಿರುಗುವ ವಿಮಾನ ವೈರಿಗಳಲ್ಲಿ ಇರಲಿಲ್ಲ. ತೂಕ ಉಳಿಸಲು ಪೈಲಟ್‌ನ ಬೆನ್ನ ಹಿಂದೆ ಉಕ್ಕಿನ ತಗಡನ್ನೂ ಹಾಕಿರಲಿಲ್ಲ. ಗುಂಡು ತಾಗಿದರೆ ಪೆಟ್ರೋಲ್ ಟ್ಯಾಂಕ್ ಹೊತ್ತಿಕೊಳ್ಳುತ್ತಿತ್ತು. ಯುದ್ಧದ ಕೊನೆಗೆ ಇದಕ್ಕೇ ಬಾಂಬು ಕಟ್ಟಿ ಹುಡುಗರನ್ನು ಹಡಗುಗಳಿಗೆ ಡಿಕ್ಕಿ ಹೊಡೆಯಲು ಕಳಿಸಿದರು. ಈ ದೇಶದ ಉತ್ತರ ತುದಿಯ ಡಾರ್ವಿನ್ ಬಂದರಿನ ಮೇಲೆ ದಾಳಿಯಾದಾಗ ಬಾಂಬರ್‌ಗಳಿಗೆ ಕಾವಲಾಗಿ ಬಂದದ್ದೂ ಇದೇ ಎಂದು ಕ್ರಿಕೆಟ್ ಸ್ಕೋರ್ ಹೇಳುವ ಉತ್ಸಾಹದಲ್ಲಿ ಹೇಳಿದೆ.

“ಗೊತ್ತು,” ಎಂದರು ಅವರು, ತಮ್ಮ ಮೆತ್ತನೆಯ ಇಂಗ್ಲಿಷಿನಲ್ಲಿ. “ಆವತ್ತು ನಮ್ಮಪ್ಪ ಬಂದರಿನಲ್ಲಿದ್ದರು. ವಾಪಸ್ ಬರಲಿಲ್ಲ. ನಾನಿನ್ನೂ ತೊಟ್ಟಿಲಲ್ಲಿದ್ದೆ.”

ಹನ್ನೆರಡು ವರ್ಷದ ನೆರೆ. ಅವರ ಗಿಡದ ನಿಂಬೆಹಣ್ಣಿನಲ್ಲಿ ನಮ್ಮ ಮನೆಯ ಚಿತ್ರಾನ್ನ ನಡೆದಿದೆ. ಒಂದು ದಿನವೂ ಅವರ ತಂದೆಯ ವಿಷಯ ನಾನು ಕೇಳಿರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ವಸುಧಾ ವಿಮಾನ ತೆಗೆಯಲು ಕೈ ಚಾಚಿದಳು. ಆಂಟಿ ಅವಳ ಕೈ ಹಿಡಿದು, ಇರಲಿ ಬಿಡು ಎಂದರು. ಆಮೇಲೆ ನನ್ನತ್ತ ತಿರುಗಿ, “ಬೆನ್ನ ಹಿಂದೆ ತಗಡೂ ಇರಲಿಲ್ಲ ಅಂದೆಯಲ್ಲ, ಆ ಪೈಲಟ್‌ಗೂ ಮಕ್ಕಳಿದ್ದರಾ?” ಎಂದು ಕೇಳಿದರು.

ಅದರ ಎಂಜಿನ್ನಿನ ಶಕ್ತಿ ಎಷ್ಟು, ರೆಕ್ಕೆಯ ಉದ್ದ ಎಷ್ಟು ಎಂದು ಕೇಳಿದ್ದರೆ ತಟ್ಟನೆ ಹೇಳುತ್ತಿದ್ದೆ.

“ಗೊತ್ತಿಲ್ಲ ಆಂಟಿ,” ಎಂದೆ.

ವಸುಧಾ ಅವರಿಗೆ ಕುಂಕುಮವಿಟ್ಟು, ಗೊಂಬೆ ನೋಡಲು ಬಂದವರಿಗೆ ಹಂಚುವ ಚರಪಿನ ತಿಂಡಿಯ ಪೊಟ್ಟಣ ಕೊಟ್ಟಳು. ಗೇಟಿನವರೆಗೆ ಬಿಟ್ಟುಬರಲು ಹೋದ ನಾನು ಅವರ ತಂದೆಯ ಹೆಸರು ಕೇಳಿದೆ. ಅಲ್ಲೇ ನಿಂತು ಅರ್ಧ ಗಂಟೆ ಹೇಳಿದರು. ನಡುವೆ ಒಂದು ಹಡಗಿನ ವಿಷಯದಲ್ಲಿ ಅವರು ಸ್ವಲ್ಪ ತಪ್ಪು ಹೇಳಿದಂತೆ ಅನ್ನಿಸಿತು. ತಿದ್ದುವ ಮಾತು ನಾಲಿಗೆ ತುದಿಗೆ ಬಂದಿತ್ತು. ಬಹಳ ಕಷ್ಟಪಟ್ಟು ನುಂಗಿಕೊಂಡೆ.