ವಿಷಯ: ನಮ್ಮ ಚಿಕ್ಕಪ್ಪನವರ ಮೆಟ್ಟುಗಳ ಕುರಿತು

ಮಾನ್ಯ ಓದುಗರ ಸನ್ನಿಧಿಗೆ, ಭಾರತೀನಗರದ ನಿವಾಸಿಯಾದ ನಾನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಚಿಕ್ಕಪ್ಪನವರಿಗೆ ಗಿಟಾರ್ ನುಡಿಸಲು ಬರುವುದಿಲ್ಲ. ನುಡಿಸುವುದಿರಲಿ, ಭಜನೆಯಲ್ಲಿ ಅವರು ತಾಳ ಹಾಕಿದರೆ ಮಿಕ್ಕವರು ಹಾಡು ನಿಲ್ಲಿಸಿ ತಿರುಗಿ ನೋಡುತ್ತಾರೆ. ಹೀಗಿದ್ದೂ ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರೂ ತಾಲ್ಲೂಕುಗಳಲ್ಲಿ ಗಿಟಾರ್ ತಯಾರಿಸುವ ಉಪಕರಣಗಳನ್ನು ಅವರಷ್ಟು ಕೂಡಿಹಾಕಿದ ಇನ್ನೊಬ್ಬ ಕಬ್ಬು ಬೆಳೆಗಾರರಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ. ಇನ್ನೊಬ್ಬರು ಏಕಿರಬೇಕು ಎಂದು ತಾವು ಕೇಳಬಹುದು. ಚಿಕ್ಕಮ್ಮನವರ ಪ್ರಶ್ನೆ ಅದಕ್ಕಿಂತ ಸರಳ: ಈ ಒಬ್ಬರಾದರೂ ಏಕಿರಬೇಕು?

(ಅರ್ಜಿಗಳ ಹೊರತು ಬೇರೇನನ್ನೂ ಬರೆದು ನನಗೆ ರೂಢಿಯಿಲ್ಲ. ಎಲ್ಲಿಯಾದರೂ 'ಸದರಿ' ಎಂಬ ಪದ ಹೆಚ್ಚಾಗಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.)

ಪ್ರಕರಣದ ಹಿನ್ನೆಲೆ ಹೀಗಿದೆ. ಚಿಕ್ಕಪ್ಪನವರ ಮಗಳು ಕಾಲೇಜಿನಲ್ಲಿದ್ದಾಗ ಒಂದು ಗಿಟಾರ್ ತರಿಸಿಕೊಂಡಿದ್ದಳು. ಮದುವೆಯಾಗಿ ಮಳವಳ್ಳಿಗೆ ಹೋಗುವಾಗ ಹೊಲಿಗೆ ಯಂತ್ರವನ್ನು ಒಯ್ದಳು, ಗಿಟಾರನ್ನು ಬಿಟ್ಟಳು. ಒಂದು ಮಧ್ಯಾಹ್ನ ಸದರಿ ಗಿಟಾರಿನ ಧೂಳು ಒರೆಸುತ್ತಿದ್ದ ಚಿಕ್ಕಮ್ಮ, ಯಾರೂ ನೋಡುತ್ತಿಲ್ಲವೆಂದು ತಿಳಿದು, ಮಂಚದ ಮೇಲೆ ಕುಳಿತು ತಂತಿಯನ್ನು ಒತ್ತಿದರು. ಇನ್ನೂ ಒತ್ತಿದರು. ಕೊನೆಗೆ "ಹಾ!" ಎಂಬ ಶಬ್ದ ಬಂತು. ಆದರೆ ಅದು ಚಿಕ್ಕಮ್ಮನದಾಗಿತ್ತು.

"ಇದೇನು ತಂತಿನಾ, ಬೇಲಿನಾ?" ಎಂದು ಬೆರಳಿಗೆ ಊದಿಕೊಳ್ಳುತ್ತಾ ತಲೆಯೆತ್ತಿದರೆ ಬಾಗಿಲಲ್ಲಿ ಚಿಕ್ಕಪ್ಪ. ಅವರ ಹಿಂದೆ, ಅದೇ ಮನೆಯಲ್ಲಿರುವ ನಾನು. ಚಿಕ್ಕಮ್ಮ ನಾಚಿಕೊಂಡು ಗಿಟಾರನ್ನು ಪಕ್ಕಕ್ಕಿಟ್ಟರು. "ಬುಡಿ ಅತ್ಲಾಗೆ, ಈ ಕೈಗೆ ಇಟ್ಟಿನ್ ದೊಣ್ಣೆನೇ ಸರಿ!"

(ಮುದ್ದೆ ತಿನ್ನದ ಓದುಗರ ಮಾಹಿತಿಗಾಗಿ: ರಾಗಿ ಮುದ್ದೆ ತೊಳಸುವ ಕೋಲಿಗೆ ನಮ್ಮಲ್ಲಿ ಹಿಟ್ಟಿನ ದೊಣ್ಣೆ ಎನ್ನುತ್ತೇವೆ.)

ಚಿಕ್ಕಪ್ಪ ಗಿಟಾರನ್ನೆತ್ತಿ, ಕಬ್ಬಿನ ಸಾಲು ನೇರವಿದೆಯೇ ಎಂದು ನೋಡುವವರಂತೆ ಒಂದು ಕಣ್ಣು ಮುಚ್ಚಿ ತಂತಿಗಳ ಕೆಳಗಿನ ಉದ್ದ ಹಿಡಿಯನ್ನು ದಿಟ್ಟಿಸಿದರು. "ಇದ್ರ ಕತ್ತೇ ಸೊಟ್ಟ ಕಣಮ್ಮಿ. ರಿಪೇರಿ ಆಗಕ್ಕಿಲ್ಲ. ಒಸದೇ ಮಾಡ್ಬೇಕು" ಎಂದು ತೀರ್ಪಿತ್ತರು. ಕತ್ತು ಸೊಟ್ಟಗಿದ್ದ ಮಾತ್ರಕ್ಕೆ ಹೊಸದು ಮಾಡುವುದಾದರೆ ಯಾವಾಗಲೂ ಫೋನು ನೋಡುವ ನಮ್ಮ ಬೀದಿಯ ಅರ್ಧ ಜನರನ್ನು ಹೊಸದಾಗಿಯೇ ಮಾಡಬೇಕಾದೀತು!

ಅಂದಿನಿಂದ ಪಾರ್ಸೆಲ್ಲುಗಳು ಬರತೊಡಗಿದವು. ಹಿಂದೆ ರೇಷ್ಮೆ ಸಾಕುತ್ತಿದ್ದ ಹುಳು ಮನೆಯನ್ನು ಕಾರ್ಯಾಗಾರವಾಗಿ ಮೇಲ್ದರ್ಜೆಗೇರಿಸಲಾಯಿತು. ಹಿತ್ತಾಳೆ ತಲೆಯ ಸುತ್ತಿಗೆ ಬಂತು. ಒಂದೊಂದು ತಂತಿ ಕೂರುವ ಕಚ್ಚು ಕೊರೆಯಲು ಒಂದೊಂದು ಅರ ಬಂತು, ಕೆಲವು ಕೂದಲಿನಷ್ಟು ತೆಳು. ಉಜ್ಜುವುದಕ್ಕೆ ಒಂದೇ ಅರ ಸಾಲದೆ ಎಂದು ನಾನು ಕೇಳಿದೆ.

"ಲೇ, ಮೂಗು ಒರ್ಸಕ್ಕೂ ಮೈ ಒರ್ಸಕ್ಕೂ ಒಂದೇ ಬಟ್ಟೆ ಇಟ್ಕತೀಯೇನ್ಲಾ?"

ನಾನು ಹೆಗಲ ಮೇಲಿನ ಟವೆಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ. ಇಟ್ಟುಕೊಂಡಿದ್ದೆ.

ಇನ್ನೊಂದು ಪಾರ್ಸೆಲ್ಲಿನಲ್ಲಿ, ಕಬ್ಬಿಣದ ಕಡ್ಡಿಗಳನ್ನು ಸಾಲಾಗಿ ಜೋಡಿಸಿದ ಬಾಚಣಿಗೆಯಂಥ ವಸ್ತುವಿತ್ತು. ಅದನ್ನು ಯಾವುದಕ್ಕೆ ಒತ್ತಿದರೂ ಕಡ್ಡಿಗಳು ಹಿಂದೆ ಸರಿದು ಅದರ ಆಕಾರವನ್ನು ಹಾಗೆಯೇ ಹಿಡಿದಿಟ್ಟುಕೊಳ್ಳುತ್ತವೆ. ಗಿಟಾರಿನ ಕತ್ತಿನ ಹಿಂಬದಿಯ ಉಬ್ಬು ಎಷ್ಟಿರಬೇಕೆಂದು ಅದರಿಂದ ಗೊತ್ತುಮಾಡುತ್ತಾರಂತೆ. ಚಿಕ್ಕಪ್ಪ ಅದನ್ನು ಮೊದಲು ನನ್ನ ಮೂಗಿಗೆ ಒತ್ತಿ, ಬಂದ ಆಕಾರವನ್ನು ಬೆಳಕಿಗೆ ಹಿಡಿದು, "ನೋಡಮ್ಮಿ, ಕೆರೆ ಏರಿ ಇದ್ದಂಗದೆ" ಎಂದು ಚಿಕ್ಕಮ್ಮನಿಗೆ ತೋರಿಸಿದರು.

"ಎಲ್ಲಿ ಏರಿ? ಕೋಡಿ ಬಿದ್ದದೆ" ಎಂದರು ಚಿಕ್ಕಮ್ಮ. ಆಗ ನನಗೆ ನೆಗಡಿಯಾಗಿತ್ತು.

ಗಿಟಾರಿನ ಪಕ್ಕಗಳಿಗೆ ಹಲಸಿನ ತೆಳು ಹಲಗೆಯನ್ನು ಬಗ್ಗಿಸಬೇಕಷ್ಟೆ? ಅದಕ್ಕೆ ಹಬೆ ಬೇಕು. ಹಬೆಗೆ ನೀರು ಕಾಯಿಸಬೇಕೆಂದು ಸಾಮಾನ್ಯ ಮನುಷ್ಯರಿಗೆ ಹೊಳೆಯುತ್ತದೆ. ಚಿಕ್ಕಪ್ಪನವರಿಗೆ ಆಲೆಮನೆ ಹೊಳೆಯಿತು! ಬೆಲ್ಲದ ಪಾಕ ಕುದಿಯುವ ಕೊಪ್ಪರಿಗೆಯ ಮೇಲೆ ಹಲಗೆ ಹಿಡಿದು, ಅದು ಕೈತಪ್ಪಿ ಪಾಕಕ್ಕೆ ಬಿದ್ದು, ಎತ್ತಿ, ಬಗ್ಗಿಸಿಕೊಂಡು ಜಯಶಾಲಿಯಾಗಿ ಬಂದರು. ಬೆಳಗಾಗುವಷ್ಟರಲ್ಲಿ ಊರಿನ ಸಮಸ್ತ ಇರುವೆಗಳು ಹುಳು ಮನೆಗೆ ವರ್ಗಾವಣೆಗೊಂಡಿದ್ದವು.

"ಇರ್ವೆ ಬಂದ್ರೆ ಏನೀಗ? ನಾದ ಸೀ ಇರ್ತದೆ" ಎಂದರು ಚಿಕ್ಕಪ್ಪ, ಕತ್ತಿಗೆ ಕೈಹಾಕಿ ಇರುವೆ ತೆಗೆಯುತ್ತಾ. ಈ ಸಲ ಅದು ಅವರ ಸ್ವಂತ ಕತ್ತು.

ಈಗ ಶೀರ್ಷಿಕೆಯಲ್ಲಿ ನಮೂದಿಸಿದ ವಿಷಯಕ್ಕೆ ಬರುತ್ತೇನೆ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡಲಾಗಿ ಕೂರಿಸುವ ಲೋಹದ ಪಟ್ಟಿಗಳಿಗೆ ಫ್ರೆಟ್ ಎಂದು ಹೆಸರು. ಚಿಕ್ಕಪ್ಪ ಕನ್ನಡಾಭಿಮಾನಿಗಳು. ವೀಣೆಗೆ ಮೆಟ್ಟಿಲು ಇರುವಾಗ ಗಿಟಾರಿಗೇಕೆ ಫ್ರೆಟ್ ಎಂದು ಅವಕ್ಕೆ 'ಮೆಟ್ಟು' ಎಂದು ನಾಮಕರಣ ಮಾಡಿದರು. ನಮ್ಮ ಸೀಮೆಯಲ್ಲಿ ಮೆಟ್ಟು ಎಂದರೆ ಕಾಲಿಗೆ ಹಾಕುವ ಚಪ್ಪಲಿ ಎಂಬ ಅಂಶ ಅವರ ಗಮನಕ್ಕೆ ಬರಲಿಲ್ಲ! ಟೀ ಅಂಗಡಿಯಲ್ಲಿ ಕೇಳಿದವರಿಗೆಲ್ಲ, "ಮೆಟ್ಟು ಉಜ್ತಾ ಇವ್ನಿ ಕಣಪ್ಪ. ಎಂಥ ಸವೆದ ಮೆಟ್ಟಾದ್ರೂ ಸರಿ ಮಾಡ್ಬೌದು" ಎಂದು ಸಾರಿದರು.

ಪರಿಣಾಮವಾಗಿ ವೈದ್ಯನಾಥಪುರದಿಂದ ಒಬ್ಬ ಅಜ್ಜಿ ಬಸ್ಸಿನಲ್ಲಿ ಬಂದಿಳಿದರು. ಸೀದಾ ಹುಳು ಮನೆಗೆ ಬಂದು, ಉಂಗುಟ ಕಿತ್ತ ಚಪ್ಪಲಿಯನ್ನು ಗಿಟಾರಿನ ಪಕ್ಕದಲ್ಲಿ ಇಟ್ಟರು.

"ಮೆಟ್ಟು ಸರಿ ಮಾಡ್ತೀಯಂತಲ್ಲಪ್ಪ, ಮಾಡ್ಕೊಡು."

"ಅಜ್ಜಿ, ಆ ಮೆಟ್ಟಲ್ಲ ಕಣಜ್ಜಿ, ಇದು ತಂತಿ ಮೆಟ್ಟು."

"ತಂತಿನಾದ್ರೂ ಆಕು, ದಾರನಾದ್ರೂ ಆಕು. ಬಸ್ಸು ಒಂಟೋಯ್ತದೆ."

ಅಂಥ ಬೇಡಿಕೆಯನ್ನು ತಿರಸ್ಕರಿಸಲು ಸಾಧ್ಯವೇ? ಚಿಕ್ಕಪ್ಪ ಗಿಟಾರಿನ ಅಂಟು ಹಾಕಿ, ಹಿತ್ತಾಳೆ ಸುತ್ತಿಗೆಯಿಂದ ಬಡಿದು, ಕೊನೆಗೆ ಮೆಟ್ಟುಗಳ ಮಟ್ಟ ಪರೀಕ್ಷಿಸುವ, ಏರುಪೇರಿದ್ದರೆ ಟಕ್ ಎನ್ನುವ ಉಕ್ಕಿನ ತಗಡನ್ನು ಚಪ್ಪಲಿಯ ಅಟ್ಟೆಯ ಮೇಲಿಟ್ಟು ಅಲುಗಿಸಿ ನೋಡಿದರು. "ಟಕ್ ಅನ್ನಕ್ಕಿಲ್ಲ ಅಜ್ಜಿ. ಲೆವೆಲ್ಲಾಗೇ ಅದೆ."

ಅಜ್ಜಿ ನಾಲ್ಕು ಹೆಜ್ಜೆ ನಡೆದರು. "ಇದು ಸರಿಯಾಯ್ತು. ಈಗ ಇನ್ನೊಂದು ಸೊಟ್ಟ ಅನ್ನುಸ್ತದೆ" ಎಂದು ಅದನ್ನೂ ಬಿಚ್ಚಿ ಕೊಟ್ಟರು.

ಚಿಕ್ಕಮ್ಮ ಇಷ್ಟನ್ನೂ ಸಹಿಸಿದರು. ಆದರೆ ಒಂದು ದಿನ ಹಿಟ್ಟಿನ ದೊಣ್ಣೆಯೇ ಕಾಣೆಯಾಯಿತು! ತವರಿನಿಂದ ಬಂದ ದೊಣ್ಣೆ. ಹಿಡಿದು ಹಿಡಿದು ಅವರ ಕೈ ಬೀಳುವ ಜಾಗ ಸವೆದು ತಗ್ಗಾಗಿತ್ತು. ಅಟ್ಟ, ಒಲೆಯ ಹಿಂದೆ, ಕೊನೆಗೆ ನನ್ನ ಹಾಸಿಗೆಯ ಕೆಳಗೂ ತಪಾಸಣೆ ನಡೆಯಿತು. ಅನ್ನದ ಸೌಟಿನಲ್ಲಿ ತೊಳಸಿದ ಅಂದಿನ ಮುದ್ದೆಯಲ್ಲಿ ಗಂಟುಗಳಿದ್ದವು ಎನ್ನುವುದಕ್ಕಿಂತ ಗಂಟುಗಳ ನಡುವೆ ಅಲ್ಲಲ್ಲಿ ಮುದ್ದೆಯಿತ್ತು ಎನ್ನುವುದೇ ಸೂಕ್ತ. ಚಿಕ್ಕಪ್ಪ ಮಾತ್ರ ತುಟಿಪಿಟಕ್ಕೆನ್ನದೆ ಉಂಡರು. ಅಲ್ಲಿಯೇ ನನಗೆ ಅನುಮಾನ ಬರಬೇಕಿತ್ತು.

"ಸಾಕಾಯ್ತು" ಎಂದು ಚಿಕ್ಕಮ್ಮ ತಟ್ಟೆ ಕುಕ್ಕಿದರು. "ಯುಗಾದಿಗೆ ಸುಣ್ಣ ಒಡೀಬೇಕು. ಅಷ್ಟ್ರೊಳಗೆ ಆ ಗಿಟಾರು ನನ್ನ ಕೈಲಿ ದನಿ ಕೊಡ್ಬೇಕು. ಕೊಡ್ನಿಲ್ವಾ, ಅಷ್ಟೂ ಸಾಮಾನು ಗುಜರಿಗೆ."

ಚಿಕ್ಕಪ್ಪನವರ ಮುಖ ಸಪ್ಪಗಾಯಿತು. ಪ್ರತಿ ಸಂಜೆ ಆ ಅರಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಹಸುಗೂಸುಗಳಂತೆ ಮಲಗಿಸಿ ಬರುತ್ತಿದ್ದವರು ಅವರು. ಅಂದಿನಿಂದ ಹುಳು ಮನೆಯಲ್ಲಿ ಕರಕರ ಸದ್ದು ನಿಲ್ಲಲೇ ಇಲ್ಲ. ರೇಷ್ಮೆ ಹುಳುಗಳೇ ಮರಳಿ ಬಂದು ಸೊಪ್ಪು ತಿನ್ನುತ್ತಿವೆಯೇನೋ ಎನಿಸುತ್ತಿತ್ತು.

ಹಬ್ಬದ ಹಿಂದಿನ ದಿನ ಚಿಕ್ಕಮ್ಮ ಗುಜರಿಯವನನ್ನು ಕರೆಸಿಯೇಬಿಟ್ಟರು. ಅವನು ತಕ್ಕಡಿಯೊಂದಿಗೆ ಅಂಗಳದಲ್ಲಿ ನಿಂತ. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಜಗಲಿಯ ಮೇಲೆ ಕುಳಿತರು. ಚಿಕ್ಕಪ್ಪ ಹೊಸ ಗಿಟಾರನ್ನು ಅವರ ಮಡಿಲಿಗಿಟ್ಟು ದೂರ ಸರಿದು, ಕಂಬದ ಸುಣ್ಣ ಕೆರೆಯುತ್ತಾ ನಿಂತರು.

ಚಿಕ್ಕಮ್ಮನ ಎಡಗೈ ಗಿಟಾರಿನ ಕತ್ತನ್ನು ಹಿಡಿಯಿತು. ತಂತಿ ಒತ್ತುವ ಮೊದಲೇ ಆ ಕೈ ನಿಂತುಬಿಟ್ಟಿತು. ಬೆರಳುಗಳು ಕತ್ತಿನ ಹಿಂಬದಿಯಲ್ಲಿ ಮೆಲ್ಲಗೆ ಹಿಂದೆ ಮುಂದೆ ಆಡಿದವು. ಹೆಬ್ಬೆರಳು ಒಂದು ತಗ್ಗಿಗೆ ಹೋಗಿ, ತನ್ನ ಮನೆಗೆ ತಾನು ಬಂದಂತೆ ಕುಳಿತಿತು.

"ಇದು... ನನ್ ದೊಣ್ಣೆ!"

"ದೊಣ್ಣೆ ಇಲ್ಲೇ ಅದೆ ಕಣಮ್ಮಿ" ಎಂದು ಚಿಕ್ಕಪ್ಪ ಕಂಬದ ಹಿಂದಿನಿಂದ ಅದನ್ನು ಹೊರತೆಗೆದರು. "ಆ ಬಾಚಣಿಗೇಲಿ ಒತ್ತಿ, ಹಿಡಿ ಆಕಾರ ತಕಂಡೆ ಅಷ್ಟೇಯ. ಈ ಕೈಗೆ ಇಟ್ಟಿನ್ ದೊಣ್ಣೆನೇ ಸರಿ ಅಂದಿದ್ಯಲ್ಲ, ಅದ್ಕೆ."

ಚಿಕ್ಕಮ್ಮ ತಂತಿಯನ್ನು ಒತ್ತಿದರು. ಉಜ್ಜಿ ಉಜ್ಜಿ ನಯವಾದ ಮೆಟ್ಟಿನ ಮೇಲೆ ತಂತಿ ಹಗುರವಾಗಿ ಕೂತಿತು. ಬಲಗೈ ಮೀಟಿತು. ಹಲಸಿನ ಮರದೊಳಗಿಂದ ಒಂದು ಸ್ವರ ಎದ್ದು ಅಂಗಳದ ತುಂಬಾ ನಿಂತಿತು. ಅದು ಯಾವ ಸ್ವರವೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದರ ಹಿಂದೆಯೇ ಒಂದು ಇರುವೆಯೂ ಹೊರಬಂತು.

"ಅಕ್ಕಾ, ತೂಕಕ್ಕೆ ಇಡ್ಲಾ?" ಎಂದ ಗುಜರಿಯವನು.

"ಓಗಪ್ಪ" ಎಂದರು ಚಿಕ್ಕಮ್ಮ, ತಂತಿಯಿಂದ ಕಣ್ಣೆತ್ತದೆ. "ಈ ಮನೇಲಿ ಗುಜರಿ ಅನ್ನದು ಯಾವ್ದೂ ಇಲ್ಲ."

ಸದರಿ ದಿನ ದೊಣ್ಣೆ ಮರಳಿ ಸಿಕ್ಕಿದ್ದರೂ ಮುದ್ದೆ ಬಹಳ ತಡವಾಯಿತು. ಈ ಬಗ್ಗೆ ಯಾರಿಂದಲೂ ಆಕ್ಷೇಪಣೆ ಬರಲಿಲ್ಲವೆಂದು ತಮ್ಮ ಅವಗಾಹನೆಗೆ ತರಬಯಸುತ್ತೇನೆ.